ತಂಪಿಗೊಂದು ಹರಳು

ಮಲ್ಲೇಶ್ವರಿ ನವಣೆ ರೊಟ್ಟಿಯ ಮೇಲೆ ಮತ್ತೆ ಅಗಸಿ ಬೀಜದ ಪುಡಿ ಸುರಿದುಕೊಳ್ಳುವಷ್ಟರಲ್ಲಿ ಅತ್ತೆ ವಿರೂಪಾಕ್ಷಮ್ಮ ಡಬ್ಬಿಯ ಮೇಲೆ ಕೈಯಿಟ್ಟು ತಡೆದಳು. ಅಗಸಿ ಮೈಗೆ ಕಾವು. ಬಸಿರು ಬೇಡವೆನ್ನುವವಳು ಮಾತ್ರ ಅದನ್ನು ಹೀಗೆ ದಿನಾ ತಿನ್ನುತ್ತಾಳೆ ಎಂಬ ಗುಮಾನಿ ಅವಳನ್ನು ಬಹಳ ದಿನಗಳಿಂದ ಕೊರೆಯುತ್ತಿತ್ತು.

“ಖರೇ ಹೇಳು, ಬಸಿರು ನಿಲ್ಲಬಾರದಂತ ಹಿಂಗ ಕಾವು ತಿಂತಿಯೇನು? ಗಂಗಾವತಿ ಅಕ್ಕಿ ವ್ಯಾಪಾರದ ಮನಿಯಾಗ ನವಣಿ ಉಣ್ಣಾಕ ನೀ ಏನು ಗುಬ್ಬಿಯೇನು?”

“ನಿಲ್ಲಲಿ ಅಂತನ ತಿನ್ನಾಕತ್ತೀನ್ರಿ ಅತ್ತಿ. ಅಂಡಾಶಯದಾಗ ನೀರಿನ ಗುಳ್ಳಿ ಅದಾವಂತ. ಡಾಕ್ಟರಮ್ಮ ಗುಳಿಗಿ ಕೊಟ್ಟು, ಊಟನೂ ಬದಲಿ ಮಾಡು ಅಂದಾರ. ಸಕ್ಕರಿಯಂತೂ ಮುಟ್ಟಬ್ಯಾಡ ಅಂದಾರ. ಬೇಕಾದ್ರ ನಿಮ್ಮ ಮಗನ್ನ ಕೇಳ್ರಿ.”

ವಿರೂಪಾಕ್ಷಮ್ಮ ಸೊಸೆಯ ಮುಖವನ್ನೇ ದಿಟ್ಟಿಸಿದಳು. ಮಲ್ಲೇಶ್ವರಿಯೂ ಅಷ್ಟೇ ಗುಮಾನಿಯಿಂದ ಅವಳನ್ನು ನೋಡುತ್ತ ಮಜ್ಜಿಗೆಯ ಲೋಟ ಎತ್ತಿದಳು. “ನಾನೂ ಒಂದು ಕೇಳ್ಲೇನ್ರಿ? ಮನಿ ಮಂದಿ ಮಜ್ಜಿಗಿಯೆಲ್ಲಾ ಹುಳಿ ಇರತೈತಿ. ನಂದಷ್ಟ ಯಾಕ್ರಿ ಸಿಹಿ?”

ವಿರೂಪಾಕ್ಷಮ್ಮನ ಕೈ ತಾನಾಗಿಯೇ ಸೆರಗಿನ ಗಂಟಿನತ್ತ ಹೋಯಿತು. ಸೊಸೆಯ ಕಾವು ಇಳಿಯಲೆಂದು ಅವಳು ದಿನವೂ ಕದ್ದು ಕರಗಿಸುತ್ತಿದ್ದ ಕಲ್ಲುಸಕ್ಕರೆ ಅಲ್ಲಿತ್ತು. ಲೋಟ ತುಟಿಗೆ ತಾಗುವ ಮೊದಲೇ ಅವಳು ಅದನ್ನು ಕಸಿದು, ಗಟಗಟ ತಾನೇ ಕುಡಿದುಬಿಟ್ಟಳು.