ನಡುವಿನ ಪೆಟ್ಟಿಗೆ

ಸತ್ತ ಬ್ಯಾಟರಿಯನ್ನು ಕೋಲೀನ್ ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಅವಳ ಮಾವ ಆರ್ಮಾಂಡ್ ಸೌದೆ ಒಟ್ಟುವುದನ್ನು ನಿಲ್ಲಿಸಿದರು. ಗಂಡ ರೆಜಿಸ್ ಕೊಪ್ಪರಿಗೆ ತಿಕ್ಕುವುದನ್ನು ನಿಲ್ಲಿಸಿದ.

"ಮತ್ತೆ ಅದೇನಾ?" ಎಂದರು ಮಾವ.

"ಮತ್ತೆ ಅದೇ. ಗುಡ್ಡದ ನೆತ್ತಿ ಮೇಲಿಂದು. ಮಂಡಿವರೆಗೂ ಹಿಮ ತುಳ್ಕೊಂಡು ಹೋಗಿ ತಂದೆ."

ನಾಳೆ ಒಳ್ಳೆಯ ಬಿಸಿಲು ಬೀಳುವ ಲಕ್ಷಣವಿತ್ತು. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿದರೆ ಮೇಪಲ್ ಮರಗಳು ರಸ ಬಿಡುತ್ತವೆ. ಮರದಿಂದ ಮರಕ್ಕೆ ಕಟ್ಟಿದ ಕೊಳವೆಗಳಲ್ಲಿ ಅದು, ಕಾಯಿಸಿ ಸಿಹಿ ಪಾಕ ಮಾಡುವ ಈ ಆಲೆಮನೆಗೆ ಹರಿದು ಬರುತ್ತದೆ. ಅಳಿಲು ಎಲ್ಲಾದರೂ ಕೊಳವೆ ಕಚ್ಚಿತೋ, ವರ್ಷದ ಗಳಿಕೆ ಹಿಮದ ಪಾಲು. ಅದಕ್ಕೇ ಕೋಲೀನ್, ಸೋರಿದರೆ ಸುದ್ದಿ ಕಳಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಗುಡ್ಡದಾಚೆಯ ತೋಪಿನಲ್ಲಿ ಕಟ್ಟಿದ್ದಳು, ಇನ್ನೊಂದನ್ನು ಆಲೆಮನೆಯಲ್ಲಿ ಕರೆಂಟಿಗೆ ಸಿಕ್ಕಿಸಿ ಇಟ್ಟಿದ್ದಳು. ಗುಡ್ಡ ಅಡ್ಡ ಬಂದು ಸಿಗ್ನಲ್ ಸಿಗದಿದ್ದಾಗ ಆಚೆಯ ಸುದ್ದಿಯನ್ನು ಈಚೆಗೆ ದಾಟಿಸಲೆಂದು ನೆತ್ತಿಯ ಮೇಲೆ ಮೂರನೆಯದನ್ನು ಕೂರಿಸಿದಳು. ಅದೊಂದೇ ವಾರಕ್ಕೊಮ್ಮೆ ಪ್ರಾಣ ಬಿಡುತ್ತಿತ್ತು.

"ಅಪ್ಪಂಗೆ ಹೇಳು, ಅಗ್ಗದ ಬ್ಯಾಟರಿ ತಂದ್ರೆ ಹೀಗೇ ಆಗೋದು ಅಂತ," ಎಂದ ರೆಜಿಸ್. ಅಪ್ಪ ಅವನು ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದರು.

"ಆಚೆ ತೋಪಿನ ಪೆಟ್ಟಿಗೇಲೂ ಅದೇ ಬ್ಯಾಟರಿ ಇರೋದು ಅಂತ ಹೇಳಮ್ಮ ಅವನಿಗೆ."

ಹೋದ ವರ್ಷ ಕೊಪ್ಪರಿಗೆಯ ರಸ ತಳ ಹತ್ತಿ ಕರಕಲಾಗಿತ್ತು. ಆಗ ಒಲೆ ನೋಡಿಕೊಳ್ಳಬೇಕಾಗಿದ್ದವನು ನೀನು ಎಂದು ಅಪ್ಪ, ನೀವೇ ಎಂದು ಮಗ. ಅಂದಿನಿಂದ ಇಬ್ಬರೂ ಮುಖ ಕೊಟ್ಟು ಮಾತಾಡಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುತ್ತದಂತೆ. ಇಲ್ಲಿ ಅಪ್ಪ ಮಗನ ಜಗಳದಲ್ಲಿ ಸೊಸೆ ಬಡವಾಗಿದ್ದಳು. ಊಟದ ಮೇಜಿನಲ್ಲಿ ಉಪ್ಪಿನ ಡಬ್ಬಿ ಆಚೆಯಿಂದ ಈಚೆಗೆ ಬರಬೇಕಾದರೂ ಅವಳೇ ಬಾಯಿ ಬಿಡಬೇಕು. ಮಾವ ಕೋಳಿ ಕೂಗುವ ಹೊತ್ತಿಗೆ ಏಳುತ್ತಿದ್ದರು, ಗಂಡ ಸರಿರಾತ್ರಿಗೆ ಮಲಗುತ್ತಿದ್ದ. ಇಬ್ಬರ ನಡುವೆ ಅವಳಿಗೆ ನೆಟ್ಟಗೆ ನಿದ್ದೆಯಿರಲಿಲ್ಲ. ಸಾಕುಸಾಕಾಗಿತ್ತು.

"ಬ್ಯಾಟರಿದೇನೂ ತಪ್ಪಿಲ್ಲ," ಎಂದಳು ಕೋಲೀನ್. "ಆಚೆ ತೋಪಿನದು ಹೇಳೋದನ್ನ ಹೇಳಿ ಮಲಗಿಬಿಡ್ತದೆ. ನಡುವಿಂದು ಮಲಗೋ ಹಾಗಿಲ್ಲ. ಯಾವಾಗ ಯಾರು ಬಾಯಿ ಬಿಡ್ತಾರೋ ಅಂತ ಹಗಲೂ ರಾತ್ರಿ ಕಿವಿ ತೆರ್ಕೊಂಡೇ ಇರ್ಬೇಕು. ಅದಕ್ಕೇ ಸೊರಗಿಹೋಗ್ತದೆ."

"ಪಾಪ," ಎಂದರು ಆರ್ಮಾಂಡ್, ಬ್ಯಾಟರಿಯನ್ನು ನೋಡಿ.

ಕೋಲೀನ್‌ಗೆ ನಗುವೂ ಬಂತು, ಸಿಟ್ಟೂ ಬಂತು.

"ಅದಕ್ಕೀಗ ಏನು ಮಾಡೋಣ ಅಂತೀಯ?" ಎಂದ ರೆಜಿಸ್.

"ನಡುವಿಂದನ್ನ ತೆಗೆದೇಬಿಡೋದು. ಆಚೇದನ್ನ ಎತ್ತರದ ಮರಕ್ಕೆ ಏರಿಸಿದ್ರೆ ಗುಡ್ಡ ದಾಟಿ ನೇರ ಸಿಗಬಹುದು. ಅಲ್ಲಿ ಒಬ್ರು ಏರಿಸ್ತಾ ಹೋಗ್ಬೇಕು, ಇಲ್ಲಿ ಒಬ್ರು ಸಿಗ್ನಲ್ ನೋಡಿ ಹೇಳ್ತಾ ಇರ್ಬೇಕು."

ಒಂದು ವಾಕಿಟಾಕಿಯನ್ನು ಗಂಡನ ಕೈಗಿಟ್ಟಳು, ಇನ್ನೊಂದನ್ನು ಮಾವನ ಕೈಗೆ.

"ಮತ್ತೆ ನೀನು?" ಇಬ್ಬರೂ ಒಟ್ಟಿಗೇ ಕೇಳಿದರು. ವರ್ಷದಲ್ಲಿ ಅವರಿಬ್ಬರಿಗೆ ಒಮ್ಮತವಿದ್ದ ಮಾತು ಅದೊಂದೇ.

"ನಾನು ಮಲಗ್ತೀನಿ."

ಹೇಳಿದಂತೆಯೇ ಒಲೆಯ ಪಕ್ಕದ ಬೆಂಚಿನ ಮೇಲೆ ಕೋಟು ಹೊದ್ದು ಉರುಳಿಬಿಟ್ಟಳು. ರೆಜಿಸ್ ಗೊಣಗುತ್ತ ಏಣಿ ಹೊತ್ತು ನಡೆದ. ಮಾವ ಸಿಗ್ನಲ್ ತೋರಿಸುವ ಪರದೆಯ ಮುಂದೆ ಕೂತು ಉಪ್ಪುನೀರಿನಲ್ಲಿ ನೆನೆಸಿದ ಸೌತೆಕಾಯಿ ಕಡಿಯುತ್ತಿದ್ದರು. ಬಹಳ ಹೊತ್ತಾದ ಮೇಲೆ ವಾಕಿಟಾಕಿ ಕರಕರ ಎಂದಿತು.

"ಕೋಲೀನ್, ಏರಿಸಿದೀನಿ. ಬಂತಾ ಅಂತ ಅಪ್ಪನ್ನ ಕೇಳು."

"ಬಂದಿದೆ, ಆದ್ರೆ ಸಾಲದು. ಇನ್ನೂ ಒಂದು ಕೊಂಬೆ ಮೇಲಕ್ಕೆ ಹೋಗು ಅಂತ ಹೇಳಮ್ಮ," ಎಂದರು ಮಾವ ಬೆಂಚಿನ ಕಡೆ ತಿರುಗಿ.

ಕೋಲೀನ್ ಅಲುಗಲಿಲ್ಲ. ನಿದ್ದೆ ಇನ್ನೂ ಬಂದಿರಲಿಲ್ಲ. ಆದರೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಉಸಿರನ್ನು ನಿಧಾನಕ್ಕೆ ಎಳೆದು ಬಿಟ್ಟಳು.

"ಕೋಲೀನ್! ಏಣಿ ತುದೀಲಿ ನಿಂತಿದೀನಿ ಕಣೇ, ಕೈ ಮರಗಟ್ತಾ ಇದೆ. ಏನಂತೆ ಅಪ್ಪಂದು?" ವಾಕಿಟಾಕಿ ಆಲೆಮನೆ ಹಾರಿಹೋಗುವಂತೆ ಕಿರುಚಿತು.

ಕುರ್ಚಿ ಕಿರುಗುಟ್ಟಿತು. ಬೂಟಿನ ಸದ್ದು ಬೆಂಚಿನ ಬಳಿ ಬಂದು ನಿಂತಿತು. ಜಾರಿದ್ದ ಕೋಟಿನ ಅಂಚು ಅವಳ ಪಾದದ ಮೇಲೆ ಬಂತು. ಆಮೇಲೆ ಆ ಸದ್ದು ಬಾಗಿಲಿನವರೆಗೂ ದೂರ ಸರಿಯಿತು. ಅಲ್ಲಿ ವಾಕಿಟಾಕಿಯ ಗುಂಡಿ ಒತ್ತಿದ್ದು ಕೇಳಿಸಿತು.

"ಮೆಲ್ಲಗೆ ಮಾತಾಡೋ. ಅವಳು ಮಲಗಿದಾಳೆ."