ಮಾಬುನ್ನಿಯ ಈಜು

ತೀರಿಕೊಂಡವರು ಬಲ್ಲ ಒಂದು ವಿದ್ಯೆ, ವಾರದೊಳಗೆ ಅವರ ಜೀವಕ್ಕೆ ಹತ್ತಿರವಾದ ಒಬ್ಬರಿಗೆ ಬಂದು ಸೇರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮಾಬುನ್ನಿ ಕಾಮಾಲೆಯಿಂದ ಸತ್ತ ಮೇಲೆ ಕಂಪ್ಲಿಯ ಜನ ಹಂಪಮ್ಮನನ್ನು ಕಂಡಾಗಲೆಲ್ಲ, "ಗೆಳತಿಯಿಂದ ಏನ್ ಬಂತವ್ವಾ?" ಎಂದು ಕೇಳುತ್ತಿದ್ದರು. ಹಂಪಮ್ಮ ಮಾಬುನ್ನಿಯಂತೆ ಬಿರಿಯಾನಿ ಮಾಡಿ ನೋಡಿದಳು, ಅನ್ನ ಮುದ್ದೆಯಾಯಿತು. ಹೊಲಿಗೆ ಮಿಷನ್ನಿನ ಮುಂದೆ ಕೂತಳು, ದಾರ ಹರಿಯಿತು.

ಕೊನೆಗೆ ಮಾಬುನ್ನಿಯ ಮಗಳು ಶಾಹೀನಾ ಅವಳನ್ನು ತುಂಗಭದ್ರೆಯ ದಂಡೆಗೆ ಕರೆತಂದಳು.

"ಅಮ್ಮನ ಈಜು ನನಗ ಬಂದಿಲ್ಲ ದೊಡ್ಡಮ್ಮ. ಉಳಿದಾಕಿ ನೀನೊಬ್ಬಾಕಿ."

"ನಿನಗ ಹುಚ್ಚೇನೇ? ಮೊಣಕಾಲುದ್ದ ನೀರಿಗೂ ನನ್ನ ಎದಿ ಡವಡವ ಅಂತೈತಿ."

"ಸೊಂಟಕ್ಕ ಹಗ್ಗ ಕಟ್ಟಿ ಹಿಡ್ಕೊಂತೀನಿ. ಇಳಿ."

ಹಂಪಮ್ಮ ಸೆರಗು ಸಿಕ್ಕಿಸಿಕೊಂಡು ಇಳಿದಳು. ನೀರು ಎದೆಗೆ ಬಂದಾಗ ಕಾಲಡಿಯ ಮರಳು ಜಾರಿತು. ಕೂಗಲು ಬಾಯಿ ತೆರೆಯುವ ಮೊದಲೇ ಕೈಗಳು ತಾವಾಗಿ ಮುಂದಕ್ಕೆ ಚಾಚಿದವು, ಕಾಲುಗಳು ನೀರನ್ನು ಹಿಂದಕ್ಕೆ ತಳ್ಳಿದವು. ಸೆಳವು ಎಲ್ಲಿದೆ, ಬಂಡೆ ಎಲ್ಲಿದೆ ಎಂಬುದು ಮೈಗೆ ಗೊತ್ತಿತ್ತು.

ಶಾಹೀನಾ ಹಗ್ಗ ಬಿಟ್ಟೇಬಿಟ್ಟಳು. "ತಲಿ ಎಡಕ್ಕ ವಾಲಿಸ್ಕೊಂಡು ಈಜಾಕತ್ತಿ, ಥೇಟ್ ಅಮ್ಮನಂಗ!" ಎಂದು ಅಳುತ್ತ ಕೂಗಿದಳು.

ನಡುಹೊಳೆಯಲ್ಲಿ ಹಂಪಮ್ಮ ಅಂಗಾತ ತೇಲಿದಳು. ಕಿವಿ ನೀರಿನಲ್ಲಿ ಮುಳುಗಿ ಊರಿನ ಸದ್ದೆಲ್ಲ ನಿಂತಿತು. ಮೇಲೆ ಅಂಚೇ ಇಲ್ಲದ ಆಕಾಶ. ಬೆನ್ನಡಿಯಲ್ಲಿ ಅವಳನ್ನು ಹೊತ್ತು ಹರಿಯುವ ಹೊಳೆ. ಮಾಬುನ್ನಿ ದಿನವೂ ಇದನ್ನು ಕಂಡು ಬಂದು, ಏನೂ ಆಗಿಲ್ಲವೆಂಬಂತೆ ನಮ್ಮ ಮನೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಳಲ್ಲ ಎಂದು ಹಂಪಮ್ಮನಿಗೆ ಬೆರಗಾಯಿತು.