ಕಾಲುಚೀಲದ ತೂತು

ಆ ಚಳಿಗಾಲ ಸ್ವೀಡನ್ನಿನ ಆ ಪುಟ್ಟ ಊರಿನಲ್ಲಿ ಏಳು ಹೆಣ ಬಿದ್ದಿದ್ದವು. ಏಳಕ್ಕೂ ತಲೆಗೆ ಕೋಲಿನ ಏಟು, ಏಳರ ಮೈಯಲ್ಲೂ ಸೋಪಿನ ಘಮ. ಸೋಮವಾರದೊಳಗೆ ಕೊಲೆಗಾರ ಸಿಗದಿದ್ದರೆ ಪತ್ತೇದಾರಿಣಿ ಗುನಿಲ್ಲಾಳ ಕೈಯಿಂದ ಕೇಸು ತಪ್ಪಿಹೋಗುತ್ತಿತ್ತು.

"ಸ್ನಾನ ಮಾಡಿಸಿ ಕೊಲ್ತಾನೆ ಮೇಡಂ. ಬಲು ಸಭ್ಯಸ್ಥ," ಎಂದು ಜೊತೆಯ ಪತ್ತೇದಾರ ತೂರೆ ಹಲ್ಲುಕಿರಿದ.

ಮನೆಮನೆಗೂ ಹೋಗಿ ವಿಚಾರಿಸುತ್ತ ಇಬ್ಬರೂ ಬೀದಿಯ ಕೊನೆಯ ಮನೆಗೆ ಬಂದರು. ಅಲ್ಲಿ ಅಜ್ಜಿಯೊಬ್ಬಳು ನೆಲ ಒರೆಸುತ್ತಿದ್ದಳು.

"ಬೂಟು ಬಿಚ್ಚಿಟ್ಟು ಒಳಗೆ ಬನ್ನಿ."

ತೂರೆ ಹೊಸ್ತಿಲಲ್ಲೇ ಕೂತು ಬಿಚ್ಚತೊಡಗಿದ. ಗುನಿಲ್ಲಾ ಬಿಚ್ಚಲಿಲ್ಲ. ಬಂದೂಕಿಗೆ ಎದೆಯೊಡ್ಡಿದ ಹೆಂಗಸು ಅವಳು. ಆದರೆ ಇವತ್ತು ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ತೂರೆಯ ಕಣ್ಣಿಗೆ ಅದು ಬೀಳುವುದಕ್ಕಿಂತ ಸಾವೇ ಮೇಲು ಅನ್ನಿಸಿತು.

"ಎರಡೇ ನಿಮಿಷ ಅಜ್ಜಿ, ನಿಮಗೆ ಯಾರ ಮೇಲಾದರೂ ಅನುಮಾನ ಇದೆಯಾ?" ಎನ್ನುತ್ತ ಬೂಟಿನಲ್ಲೇ ಒಳಗೆ ನಡೆದಳು. ಹೊಳೆಯುವ ನೆಲದ ಮೇಲೆ ಕೆಸರಿನ ಹೆಜ್ಜೆಗಳು ಮೂಡಿದವು.

ಅಜ್ಜಿ ಆ ಹೆಜ್ಜೆಗಳನ್ನೇ ನೋಡಿದಳು. ಸೋಪುನೀರಿನ ಬಕೆಟ್ಟಿನಿಂದ ಒರೆಸುವ ಕೋಲನ್ನು ನಿಧಾನವಾಗಿ ಮೇಲೆತ್ತಿ ನಿಟ್ಟುಸಿರಿಟ್ಟಳು.

"ಈ ಚಳಿಗಾಲಕ್ಕೆ ನೀನು ಎಂಟನೆಯವಳು ಕಣಮ್ಮ."